ಹಗುರಾಗುವ ಹಾದಿಗೆ ಜೊತೆಗಾರರು

ಪಂಕ್ತಿಯಲ್ಲಿ ಕುಳಿತವರಿಗೆ ಒತ್ತಾಯ ಮಾಡಿ ಬಡಿಸುವುದು ನಮ್ಮ ಸೀಮೆಯ ಹಳೆಯ ರೂಢಿ. ಇಂಡಿಯಿರಲಿ, ಸಿಂದಗಿಯಿರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿರಲಿ, ಬಂದವರು "ಸಾಕು" ಎಂದ ಮೇಲೆ ಇನ್ನೊಂದು ರೊಟ್ಟಿ ಹಾಕದಿದ್ದರೆ ಮನೆಯೊಡತಿಗೆ ಸಮಾಧಾನವಿಲ್ಲ. "ಯಾಕವ್ವಾ, ಇಷ್ಟ ಉಂಡ್ರ ಹ್ಯಾಂಗ? ನಮ್ಮ ಅಡಗಿ ಸೇರಲಿಲ್ಲೇನು?" ಎಂಬ ಮಾತಿನಲ್ಲಿ ಕಪಟವಿಲ್ಲ, ಬರಿಯ ಪ್ರೀತಿಯಿದೆ. ಆದರೆ ಈ ಪ್ರೀತಿಯೇ ಕಂಟಕವಾಗಬಹುದಾದ ಸಹೋದರ ಸಹೋದರಿಯರೂ ನಮ್ಮ ನಡುವೆ ಇದ್ದಾರೆ. ದೊಡ್ಡ ಊರಿಗೆ ಹೋಗಿ ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮರಳಿದವರು ಅವರು. ಅವರ ಹೊಟ್ಟೆಯಲ್ಲಿ ಈಗ ಹಿಡಿಯುವುದು ಚಹಾದ ಬಟ್ಟಲಿನಷ್ಟು ಆಹಾರ ಮಾತ್ರ. ಎಷ್ಟೋ ಜನ ಈ ಸಂಗತಿಯನ್ನು ಬಾಯಿಬಿಟ್ಟು ಹೇಳಲು ನಾಚುತ್ತಾರೆ.

ಶಸ್ತ್ರವೈದ್ಯರ ಕೆಲಸ ಒಂದೆರಡು ತಾಸುಗಳಲ್ಲಿ ಮುಗಿಯುತ್ತದೆ. ಅದರ ನಂತರದ ಬಾಳು ದೀರ್ಘವಾದುದು. ಆ ಬಾಳಿಗೆ ಮೊದಲೇ ಆ ದಾರಿಯನ್ನು ನಡೆದವರ ಅನುಭವವೂ ಮನೆಯವರ ತಿಳಿವಳಿಕೆಯೂ ಎರಡು ಊರುಗೋಲುಗಳಿದ್ದಂತೆ. ಇದನ್ನು ನಮ್ಮ ಕುಟುಂಬಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ರೋಗವೇ ಹೊರತು ದೋಷವಲ್ಲ

ಬೊಜ್ಜನ್ನು ನಾವು ಬಹುಕಾಲ ಸೋಮಾರಿತನದ ಗುರುತೆಂದೇ ಭಾವಿಸಿದ್ದೇವೆ. ದಪ್ಪಗಿರುವ ಸೊಸೆಯನ್ನು ಅಡಿಗೆಮನೆಯಲ್ಲಿಯೂ, ದಪ್ಪಗಿರುವ ಹುಡುಗನನ್ನು ಶಾಲೆಯಲ್ಲಿಯೂ ಹಾಸ್ಯಕ್ಕೆ ಗುರಿಮಾಡಿದ್ದೇವೆ. ವೈದ್ಯಶಾಸ್ತ್ರ ಇಂದು ಬೇರೆಯದನ್ನೇ ಹೇಳುತ್ತದೆ. ವಂಶವಾಹಿ, ಹಸಿವನ್ನು ನಿಯಂತ್ರಿಸುವ ಹಾರ್ಮೋನುಗಳು, ನಿದ್ರೆ, ದುಡಿಮೆಯ ರೀತಿ, ಆಹಾರದ ಬದಲಾವಣೆ ಇವೆಲ್ಲ ಸೇರಿ ಉಂಟುಮಾಡುವ ದೀರ್ಘಕಾಲದ ರೋಗವಿದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಮಿತಿಮೀರಿದೆ. ಹೊಲದಲ್ಲಿ ಬಾಗಿ ದುಡಿಯುತ್ತಿದ್ದ ಕೈಕಾಲುಗಳು ಅಂಗಡಿಯ ಗಾದಿಗೂ ಮೋಟಾರು ಬೈಕಿಗೂ ಒಗ್ಗಿಕೊಂಡಿವೆ. ಊಟದ ಪ್ರಮಾಣ ಮಾತ್ರ ಹಳೆಯದೇ ಉಳಿದಿದೆ.

ಆಹಾರ ನಿಯಮ ಮತ್ತು ನಡಿಗೆ ಎಲ್ಲರಿಗೂ ಮೊದಲ ಚಿಕಿತ್ಸೆ. 2025ರಲ್ಲಿ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಔಷಧಿಗಳೂ ನಮ್ಮ ದೇಶದ ಮಾರುಕಟ್ಟೆಗೆ ಬಂದಿವೆ. ಇವುಗಳಿಂದ ಸಾಲದಷ್ಟು ತೂಕವಿದ್ದು, ಅದರ ಜೊತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರುಕಟ್ಟುವಿಕೆ, ಮಂಡಿನೋವು ಮುಂತಾದವು ಸೇರಿಕೊಂಡಾಗ ಶಸ್ತ್ರಚಿಕಿತ್ಸೆಯ ವಿಚಾರ ಬರುತ್ತದೆ.

ಯಾವ ಶಸ್ತ್ರಚಿಕಿತ್ಸೆ? ಯಾರಿಗೆ?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡುವುದು ಅವಶ್ಯ. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ಬಳಿಕ ತೀರಿಕೊಂಡ ಸುದ್ದಿ ನಾಡನ್ನೇ ತಲ್ಲಣಗೊಳಿಸಿತು. ಅದು ಸೌಂದರ್ಯಕ್ಕಾಗಿ ಚರ್ಮದಡಿಯ ಕೊಬ್ಬನ್ನು ತೆಗೆಯುವ ಚಿಕಿತ್ಸೆ. ನಾವಿಲ್ಲಿ ಹೇಳುತ್ತಿರುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಜಠರ ಮತ್ತು ಕರುಳಿನ ಮೇಲೆ, ರೋಗ ನಿವಾರಣೆಗಾಗಿ ನಡೆಯುವಂಥದು. ಅಮೆರಿಕದ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಅವರು 1966ರಲ್ಲಿ ಜಠರದ ಬೈಪಾಸ್ ಕ್ರಮವನ್ನು ಆರಂಭಿಸಿದರು. ಇಂದು ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ, ಲ್ಯಾಪ್ರೋಸ್ಕೋಪಿ ವಿಧಾನದಿಂದ ಇದನ್ನು ನಡೆಸುತ್ತಾರೆ.

ಮುಖ್ಯ ವಿಧಗಳು ಎರಡು. ಮೊದಲನೆಯದಾದ ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಬಾಳೆಹಣ್ಣಿನ ಆಕಾರದ ನಳಿಕೆಯನ್ನಷ್ಟೇ ಉಳಿಸುತ್ತಾರೆ. ಎರಡನೆಯದಾದ ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಚಿಕ್ಕದೊಂದು ಚೀಲವನ್ನು ಮಾಡಿ, ಅದನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಯಾರಿಗೆ ಯಾವುದು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಬಿ.ಎಂ.ಐ. ಎಂಬ ಅಂಕಿಯೇ ಇಲ್ಲಿಯ ಅಳತೆಗೋಲು. 160 ಸೆಂಟಿಮೀಟರು ಎತ್ತರದ ತಾಯಿಯೊಬ್ಬರ ತೂಕ 96 ಕಿಲೋ ಇದ್ದರೆ ಆ ಅಂಕಿ 37.5 ಆಗುತ್ತದೆ. 1991ರಿಂದ ಬಹುಕಾಲ 40ಕ್ಕೆ ಮೇಲ್ಪಟ್ಟವರಿಗೆ, ಅಥವಾ 35ಕ್ಕೆ ಮೇಲ್ಪಟ್ಟು ಜೊತೆಗೆ ಬೇರೆ ಕಾಯಿಲೆ ಇರುವವರಿಗೆ ಮಾತ್ರ ಶಸ್ತ್ರಚಿಕಿತ್ಸೆ ಎಂಬ ನಿಯಮವಿತ್ತು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಂಘಗಳು ಈ ಮಿತಿಯನ್ನು 35ಕ್ಕೆ ಇಳಿಸಿದವು. ನಮ್ಮಂತಹ ಏಷ್ಯಾದ ಜನರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದರಿಂದ, 27.5ರಿಂದಲೇ ವಿಚಾರ ಮಾಡಬಹುದೆಂದೂ ಸೂಚಿಸಿದವು. ಆದರೆ ನಮ್ಮ ದೇಶದ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ರೂಪಿಸಿದ ನಿಯಮ ಹಳೆಯ ಅಂಕಿಗಳನ್ನೇ ಅನುಸರಿಸುತ್ತದೆ. ಆದ್ದರಿಂದ ವಿಮೆಯನ್ನು ನಂಬಿ ಹೊರಡುವವರು ಕಂಪನಿಯ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯುವುದು ಲೇಸು.

ಫಲವೇನು? ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭವಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನವೊಂದು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಮರಣ ಕಡಿಮೆಯಾದುದನ್ನು 2007ರಲ್ಲಿ ತೋರಿಸಿತು. ಸಾಮಾನ್ಯವಾಗಿ ಒಟ್ಟು ತೂಕದ ಕಾಲು ಭಾಗ ಇಳಿಯುತ್ತದೆ. ಎಷ್ಟೋ ಜನರ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ. ಆದರೆ ಇದು ಮಂತ್ರದಂಡವಲ್ಲ. ರಕ್ತಸ್ರಾವ, ಹೊಲಿಗೆ ಸೋರುವುದು, ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಮುಂತಾದ ಅಪಾಯಗಳು ವಿರಳವಾದರೂ ಇದ್ದೇ ಇವೆ. ಹಳೆಯ ಅಭ್ಯಾಸಗಳು ಮರಳಿದರೆ ತೂಕವೂ ಮರಳುತ್ತದೆ.

ಮೊದಲಿನ ಸಿದ್ಧತೆ

ಸಿದ್ಧತೆ ಆಸ್ಪತ್ರೆಯ ಬಾಗಿಲಲ್ಲಿ ಆರಂಭವಾಗುವುದಿಲ್ಲ, ಮನೆಯಲ್ಲಿಯೇ ಆರಂಭವಾಗಬೇಕು. ರಕ್ತ, ಥೈರಾಯ್ಡ್, ಹೃದಯ, ಯಕೃತ್ತು ಇವುಗಳ ಪರೀಕ್ಷೆ, ಜಠರದ ಎಂಡೋಸ್ಕೋಪಿ, ಮನೋವೈದ್ಯರೊಡನೆ ಮಾತುಕತೆ ಇವೆಲ್ಲ ಕ್ರಮವಾಗಿ ಆಗಬೇಕು. ಮನೋವೈದ್ಯರ ಹೆಸರು ಕೇಳಿ ಹಿಂಜರಿಯಬೇಕಾಗಿಲ್ಲ. ದುಃಖವಾದಾಗ ತಿನ್ನುವ ಅಭ್ಯಾಸವಿದ್ದವರಿಗೆ, ತಿನ್ನಲು ಆಗದ ದಿನಗಳಲ್ಲಿ ಆ ದುಃಖವನ್ನು ಎಲ್ಲಿ ಇಡಬೇಕೆಂಬುದು ಮೊದಲೇ ತಿಳಿದಿರಬೇಕು.

ತಂಬಾಕು, ಗುಟ್ಕಾ, ಬೀಡಿಗಳನ್ನು ಕೆಲವು ವಾರಗಳ ಮೊದಲೇ ಸಂಪೂರ್ಣವಾಗಿ ಬಿಡಬೇಕು. ಇವು ಗಾಯ ಮಾಯುವುದನ್ನು ತಡೆಯುತ್ತವೆ. ಎಲೆ ಅಡಿಕೆಯೊಡನೆ ತಂಬಾಕು ಹಾಕಿಕೊಳ್ಳುವ ಹಿರಿಯರು ಇದನ್ನು ವೈದ್ಯರಿಂದ ಮುಚ್ಚಿಡಬಾರದು. ಶಸ್ತ್ರಚಿಕಿತ್ಸೆಗೆ ಸುಮಾರು ಎರಡು ವಾರ ಮೊದಲು, ಸಸಾರಜನಕ ಹೆಚ್ಚಿರುವ ಲಘು ಆಹಾರವನ್ನು ವೈದ್ಯರು ಸೂಚಿಸುತ್ತಾರೆ. ಕೊಬ್ಬು ತುಂಬಿದ ಯಕೃತ್ತು ಇದರಿಂದ ಕುಗ್ಗಿ, ಶಸ್ತ್ರವೈದ್ಯರಿಗೆ ದಾರಿ ಸುಗಮವಾಗುತ್ತದೆ. ಈ ಅವಧಿಯಲ್ಲಿ ಸಕ್ಕರೆ ಕಾಯಿಲೆಯ ಔಷಧಿಯ ಪ್ರಮಾಣವನ್ನು ವೈದ್ಯರೇ ಬದಲಿಸಿಕೊಡಬೇಕು. ತುತ್ತನ್ನು ನುಣ್ಣಗಾಗುವಂತೆ ಅಗಿಯುವುದು, ಊಟದ ನಡುವೆ ನೀರು ಕುಡಿಯದಿರುವುದು, ದಿನವೂ ನಡೆಯುವುದು ಇವನ್ನೂ ಆಗಲೇ ರೂಢಿಸಿಕೊಳ್ಳಬೇಕು.

ಮನೆಗೆ ಬಂದ ಮೇಲೆ

ಶಸ್ತ್ರಚಿಕಿತ್ಸೆಯ ದಿನವೇ ಅಥವಾ ಮರುದಿನ ರೋಗಿಯನ್ನು ಎಬ್ಬಿಸಿ ನಡೆಸುತ್ತಾರೆ. ಎರಡು ಮೂರು ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಮೊದಲ ಎರಡು ವಾರ ದ್ರವಾಹಾರ: ಸೋಸಿದ ಹೆಸರುಬೇಳೆಯ ಕಟ್ಟು, ನೀರು ಮಜ್ಜಿಗೆ, ಕೆನೆ ತೆಗೆದ ಹಾಲು, ವೈದ್ಯರು ಹೇಳಿದ ಸಸಾರಜನಕದ ಪುಡಿ. ನಂತರದ ಎರಡು ವಾರ ನುಣ್ಣಗೆ ಅರೆದ ಆಹಾರ. ಆಮೇಲೆ ಮೆತ್ತನೆಯದು. ನಮ್ಮ ಪ್ರಾಣವಾದ ಜೋಳದ ರೊಟ್ಟಿ ಸುಮಾರು ಆರೆಂಟು ವಾರಗಳ ನಂತರ ಮರಳಬಹುದು. ಅದೂ ಬಿಸಿ ರೊಟ್ಟಿಯ ತುಣುಕು, ಬೇಳೆಯಲ್ಲಿ ನೆನೆದದ್ದು. ಕಡಕ್ ರೊಟ್ಟಿ ಇನ್ನೂ ತಡೆಯಬೇಕು. ಪ್ರತಿ ಆಸ್ಪತ್ರೆಯ ಕ್ರಮದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರುವುದರಿಂದ, ತಮ್ಮ ವೈದ್ಯರು ಕೊಟ್ಟ ಚೀಟಿಯೇ ಪ್ರಮಾಣ.

ಶಾಕಾಹಾರಿಗಳಾದ ನಾವು ಎರಡು ವಿಷಯಗಳಲ್ಲಿ ವಿಶೇಷ ಎಚ್ಚರ ವಹಿಸಬೇಕು. ಮೊದಲನೆಯದು ಸಸಾರಜನಕ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಒಂದು ಬಟ್ಟಲು ಬೆಂದ ಬೇಳೆಯಲ್ಲಿರುವುದು ಏಳೆಂಟು ಗ್ರಾಂ ಮಾತ್ರ. ಆದ್ದರಿಂದ ಗಟ್ಟಿ ಆಹಾರ ಆರಂಭವಾದ ಮೇಲೆ ಮೊದಲು ಬೇಳೆಕಾಳು, ಪನೀರು, ಮೊಸರು, ಆಮೇಲೆ ಪಲ್ಯ, ಕೊನೆಗೆ ರೊಟ್ಟಿ ಅಥವಾ ಅನ್ನ ಎಂಬ ಕ್ರಮವಿರಲಿ. ಎರಡನೆಯದು ಬಿ-12 ಜೀವಸತ್ವ. ಇದು ಸಸ್ಯಾಹಾರದಲ್ಲಿ ಮೊದಲೇ ಕಡಿಮೆ. ಬೈಪಾಸ್ ನಂತರ ದೇಹ ಹೀರಿಕೊಳ್ಳುವುದು ಇನ್ನೂ ಕಡಿಮೆ. ಬಿ-12, ಕಬ್ಬಿಣ, ಸುಣ್ಣ, ಡಿ ಜೀವಸತ್ವಗಳ ಸೇವನೆ ಮತ್ತು ಕಾಲಕಾಲದ ರಕ್ತ ಪರೀಕ್ಷೆ ಜೀವನಪರ್ಯಂತ ನಡೆಯಬೇಕು. ಕಬ್ಬಿಣದ ಗುಳಿಗೆಗೂ ಸುಣ್ಣದ ಗುಳಿಗೆಗೂ ಎರಡು ತಾಸಿನ ಅಂತರವಿರಲಿ.

ಹೋಳಿಗೆ, ಗೋಧಿ ಹುಗ್ಗಿಗಳು ಬೈಪಾಸ್ ಆದವರಿಗೆ ಎದೆಬಡಿತ, ಬೆವರು, ತಲೆಸುತ್ತು ತರಬಹುದು. ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದುಂಟು. ಸಾಮಾನ್ಯವಾಗಿ ಅದು ಮರಳಿ ಬರುತ್ತದೆ. ಶ್ರಾವಣ ಸೋಮವಾರ, ಶಿವರಾತ್ರಿಗಳ ಉಪವಾಸವನ್ನು ವೈದ್ಯರ ಅಪ್ಪಣೆಯಿಲ್ಲದೆ ಮಾಡಕೂಡದು. ಹರೆಯದ ಹೆಣ್ಣುಮಕ್ಕಳು ಒಂದರಿಂದ ಒಂದೂವರೆ ವರ್ಷದವರೆಗೆ ಗರ್ಭಧಾರಣೆಯನ್ನು ಮುಂದೂಡಬೇಕು. ತೂಕ ಇಳಿದಂತೆ ಗರ್ಭ ಬೇಗ ನಿಲ್ಲುವ ಸಂಭವವೂ ಹೆಚ್ಚುವುದರಿಂದ, ಅತ್ತೆಮಾವಂದಿರು ಆತುರಪಡದೆ ಕಾಯಬೇಕು.

ನಮ್ಮ ನಾಲ್ಕೂ ತಾಲೂಕು ಕೇಂದ್ರಗಳಿಂದ ಜಿಲ್ಲಾ ಸ್ಥಳ ವಿಜಯಪುರ 40ರಿಂದ 80 ಕಿಲೋಮೀಟರು ದೂರ. ಶಸ್ತ್ರಚಿಕಿತ್ಸೆ ನಡೆದ ನಗರ ಬಹಳ ಮಂದಿಗೆ ಇನ್ನೂ ದೂರ. ಆದ್ದರಿಂದ ಆಸ್ಪತ್ರೆ ಕೊಟ್ಟ ಸಾರಾಂಶ ಪತ್ರದ ಪ್ರತಿಯೊಂದನ್ನು ಊರಿನ ವೈದ್ಯರಿಗೆ ಕೊಟ್ಟಿರಬೇಕು. ಮೈಕೈ ನೋವಿಗೆಂದು ಸಾಮಾನ್ಯವಾಗಿ ಕೊಡುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮುಂತಾದ ಗುಳಿಗೆಗಳು ಹೊಸ ಜೋಡಣೆಯಲ್ಲಿ ಹುಣ್ಣು ಮಾಡಬಲ್ಲವು. ಇದನ್ನು ವೈದ್ಯರಿಗೆ ರೋಗಿಯೇ ನೆನಪಿಸಬೇಕು. ಜ್ವರ, ನಿಲ್ಲದ ವಾಂತಿ, ಹೆಚ್ಚುತ್ತಿರುವ ಹೊಟ್ಟೆನೋವು, ವೇಗದ ಎದೆಬಡಿತ, ಉಸಿರಾಟದ ತೊಂದರೆ, ಒಂದೇ ಕಾಲಿನ ಬಾವು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆ ಸೇರಬೇಕು. ಆ ರಾತ್ರಿ ಯಾರ ಗಾಡಿ, ಯಾರು ಜೊತೆ ಎಂಬುದು ಮೊದಲೇ ಗೊತ್ತಾಗಿರಲಿ.

ಅನುಭವ ಹೇಳುವವರು, ಕೇಳುವವರು

ಸಿಂದಗಿಯ ಸಹೋದರಿಯೊಬ್ಬಳು ಶಸ್ತ್ರಚಿಕಿತ್ಸೆಯಾಗಿ ಹತ್ತನೆಯ ದಿನ ಕಟ್ಟಿನ ಬಟ್ಟಲು ಹಿಡಿದು ಕುಳಿತು, "ನಾನು ತಪ್ಪು ಮಾಡಿದೆನೇನೋ" ಎಂದು ಕಣ್ಣೀರಿಡುತ್ತಿದ್ದಾಳೆಂದು ಭಾವಿಸೋಣ. ವೈದ್ಯರು "ಎಲ್ಲ ಸರಿಯಾಗಿದೆ" ಎನ್ನುತ್ತಾರೆ. ಗಂಡ "ಧೈರ್ಯ ತಗೋ" ಎನ್ನುತ್ತಾನೆ. ಆದರೆ ಮುದ್ದೇಬಿಹಾಳದ ಮತ್ತೊಬ್ಬ ತಾಯಿ ಬಂದು, "ಹತ್ತನೇ ದಿನ ನಾನೂ ಹಿಂಗ ಅತ್ತಿದ್ದೆ ತಂಗಿ, ಇಪ್ಪತ್ತನೇ ದಿನಕ್ಕ ಹಗುರಾತು" ಎಂದಾಗ ಆಗುವ ಸಮಾಧಾನವೇ ಬೇರೆ. ಅದು ಉಪದೇಶವಲ್ಲ, ಸಾಕ್ಷಿ. ಹನ್ನೆರಡನೆಯ ಶತಮಾನದ ಶರಣರು ಅನುಭವ ಮಂಟಪದಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ? ಬೇರೆ ಬೇರೆ ಕಾಯಕದವರು ಒಂದೆಡೆ ಕುಳಿತು, ತಾವು ಬಾಳಿ ಕಂಡುದನ್ನು ಪರಸ್ಪರ ಹಂಚಿಕೊಂಡರು.

ಇಂತಹ ಗುಂಪುಗಳಿಗೆ ಬರುವವರ ತೂಕ ಹೆಚ್ಚು ಇಳಿಯುತ್ತದೆಂದು ಹಲವು ಅಧ್ಯಯನಗಳು ಹೇಳುತ್ತವೆ. ಶ್ರದ್ಧೆಯುಳ್ಳವರೇ ಗುಂಪಿಗೆ ಬರುವುದೂ ಅದಕ್ಕೆ ಒಂದು ಕಾರಣವಿರಬಹುದು. ಹಾಗಿದ್ದರೂ ಒಂಟಿತನ ಕಡಿಮೆಯಾಗುವುದೇ ಒಂದು ಲಾಭ. ಐದಾರು ಜನರಿದ್ದರೆ ಸಾಕು. ತಿಂಗಳಿಗೊಮ್ಮೆ, ಒಂದು ಸಲ ಇಂಡಿಯಲ್ಲಿ, ಒಂದು ಸಲ ಬಸವನ ಬಾಗೇವಾಡಿಯಲ್ಲಿ ಎಂಬಂತೆ, ಮಠದ ಅಥವಾ ಸಮುದಾಯ ಭವನದ ಕೋಣೆಯೊಂದರಲ್ಲಿ ಸೇರಬಹುದು. ವಿಜಯಪುರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಂದ ಆಹಾರ ತಜ್ಞರನ್ನೋ ವೈದ್ಯರನ್ನೋ ಆಗಾಗ ಆಮಂತ್ರಿಸಬಹುದು.

ಇದಕ್ಕೆ ಕೆಲವು ಕಟ್ಟಳೆಗಳಿರಲಿ. ಅಲ್ಲಿ ಕೇಳಿದ್ದು ಹೊರಗೆ ಹೋಗಬಾರದು. "ಅವಳದು ಇಪ್ಪತ್ತು ಕಿಲೋ ಇಳೀತು, ನಿನ್ನದ್ಯಾಕ ಹತ್ತ?" ಎಂಬ ಹೋಲಿಕೆ ಬೇಡ. ಒಬ್ಬರ ಔಷಧಿಯನ್ನು ಇನ್ನೊಬ್ಬರಿಗೆ ಹೇಳಬಾರದು. ನೋವು, ಜ್ವರ, ವಾಂತಿ ಎಂದರೆ "ವೈದ್ಯರಲ್ಲಿಗೆ ನಡೆ" ಎಂಬುದೊಂದೇ ಸಲಹೆ. ಯಾವ ಆಸ್ಪತ್ರೆಯ ಪರವಾಗಿಯೂ ಪ್ರಚಾರ ನಡೆಯಕೂಡದು. ಶಸ್ತ್ರಚಿಕಿತ್ಸೆಯನ್ನು ಇನ್ನೂ ಆಲೋಚಿಸುತ್ತಿರುವವರೂ ಬರಲಿ. ಎಲ್ಲವನ್ನೂ ಕೇಳಿ, ಬೇಡವೆಂದು ನಿರ್ಧರಿಸಿ ಎದ್ದುಹೋದರೂ ಅವರಿಗೆ ಗೌರವವಿರಲಿ. ಮನೆಯಲ್ಲಿ ಅಡಿಗೆ ಮಾಡುವವರೂ ಕೆಲವು ಸಲ ಜೊತೆಗೆ ಬರಲಿ.

ದಾಸೋಹದ ಮನೆಗಳಿಗೊಂದು ಬಿನ್ನಹ

ಕೊನೆಯದಾಗಿ ನಮ್ಮ ತಾಯಂದಿರಲ್ಲಿ ಒಂದು ಮಾತು. ದಾಸೋಹ ನಮ್ಮ ಧರ್ಮದ ಉಸಿರು. ಆದರೆ ದಾಸೋಹವೆಂದರೆ ಹಸಿದವರಿಗೆ ಬೇಕಾದುದನ್ನು ಬೇಕಾದಷ್ಟು ನೀಡುವುದೇ ಹೊರತು, ಸಾಕೆಂದವರ ಮೇಲೆ ಹೇರುವುದಲ್ಲ. ಪ್ರಸಾದದ ಹಿರಿಮೆ ಅದರ ಪ್ರಮಾಣದಲ್ಲಿಲ್ಲ, ಸ್ವೀಕರಿಸುವವರ ಭಾವದಲ್ಲಿದೆ. ಎರಡು ತುತ್ತು ಉಂಡು ಕೈಮುಗಿದವರೂ ಪೂರ್ಣ ಪ್ರಸಾದಿಗಳೇ. ಪ್ರಸಾದವನ್ನು ಚೆಲ್ಲಬಾರದೆಂಬ ನಿಯಮ ನಮ್ಮಲ್ಲಿರುವಾಗ, ಉಣ್ಣಲಾಗದವರ ತಾಟಿಗೆ ಹೆಚ್ಚು ಬಡಿಸುವುದು ಅವರನ್ನು ಎರಡು ಕಡೆಯಿಂದ ಕಟ್ಟಿಹಾಕಿದಂತೆ: ಉಂಡರೆ ದೇಹಕ್ಕೆ ಬಾಧೆ, ಬಿಟ್ಟರೆ ಮನಸ್ಸಿಗೆ ಬಾಧೆ.

ಮುಂದಿನ ಮದುವೆಯಲ್ಲೋ ಜಾತ್ರೆಯಲ್ಲೋ ಒಬ್ಬರು "ಸಾಕವ್ವಾ" ಎಂದರೆ, ಕಾರಣ ಕೇಳದೆ ಹೋಳಿಗೆಯ ಬುಟ್ಟಿಯನ್ನು ಮುಂದಕ್ಕೆ ಒಯ್ಯೋಣ. ಸಣ್ಣ ಬಟ್ಟಲಿನಲ್ಲಿ ಮೊಸರನ್ನೋ ಬೇಳೆಯನ್ನೋ ಇಟ್ಟು, ಅವರು ನಿಧಾನವಾಗಿ ಉಣ್ಣುವ ತನಕ ಪಕ್ಕದಲ್ಲಿ ಕುಳಿತು ಮಾತನಾಡೋಣ. ಶಸ್ತ್ರಚಿಕಿತ್ಸೆ ಆದವರೂ ತಮ್ಮ ಸಂಗತಿಯನ್ನು ಆಪ್ತರಾದ ನಾಲ್ವರಿಗಾದರೂ ಹೇಳಿಕೊಳ್ಳಲಿ. ಕಾಯಿಲೆಗೆ ಚಿಕಿತ್ಸೆ ಪಡೆದುದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಇಂದು ಅವರು ಬಾಯಿಬಿಟ್ಟು ಹೇಳಿದ ಮಾತೇ ನಾಳೆ ಇನ್ನೊಂದು ಊರಿನಲ್ಲಿ ಕಟ್ಟಿನ ಬಟ್ಟಲು ಹಿಡಿದು ಅಳುತ್ತ ಕುಳಿತವರಿಗೆ ಆಸರೆಯಾಗುತ್ತದೆ.