ಸಲಾಮ್ ಹೇಳದೆ ಒಳಬರುವ ಕ್ಯಾಮೆರಾ

ಕಳೆದ ಶವ್ವಾಲ್ ತಿಂಗಳಲ್ಲಿ ಕುಣಿಗಲ್‌ನ ಶಾದಿ ಮಹಲೊಂದರಲ್ಲಿ ನಮ್ಮ ಸಂಬಂಧಿಕರ ಮದುವೆ ಇತ್ತು. ಹೆಂಗಸರ ಕಡೆಗೆ ಪರದೆ ಕಟ್ಟಿದ್ದರು. ಎಲ್ಲರೂ ಬುರ್ಖಾ ತೆಗೆದಿಟ್ಟು ನಿರಾಳವಾಗಿ ಕುಳಿತು ಮಾತಾಡುತ್ತಿದ್ದರು. ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಎಲ್ಲರ ಮುಂದೆ ಹಾದುಹೋದಳು. ಯಾರೂ ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಸಂಜೆ ನಾನು ತುಮಕೂರಿನ ಮನೆ ಸೇರುವಷ್ಟರಲ್ಲಿ ಗುಬ್ಬಿಯಿಂದ ತಂಗಿಯ ಫೋನ್ ಬಂತು. "ಆಪಾ, ಮದುವೆಯ ವಿಡಿಯೋ ಯಾರೋ ಸ್ಟೇಟಸ್‌ಗೆ ಹಾಕಿದ್ದಾರಂತೆ. ನಮ್ಮ ಬೀದಿಯ ಹುಡುಗರ ಮೊಬೈಲ್‌ಗಳಲ್ಲೆಲ್ಲ ಅದೇ ಇದೆ. ಅದರಲ್ಲಿ ನಮ್ಮ ಹುಡುಗಿ ಇದ್ದಾಳೆ."

ಆ ವಿಡಿಯೋದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪಿಯುಸಿ ಓದುವ ಹುಡುಗಿ ಗೆಳತಿಯರ ಜೊತೆ ನಗುತ್ತಿದ್ದಾಳೆ, ದುಪಟ್ಟಾ ಹೆಗಲಿಗೆ ಜಾರಿದೆ, ಅಷ್ಟೆ. ಆದರೆ ಅವಳು ಒಂದು ವಾರ ಕಾಲೇಜಿನ ಮುಖ ನೋಡಲಿಲ್ಲ. ಮನೆಯ ಹಿರಿಯರೆಲ್ಲ ಅವಳನ್ನೇ ಕೇಳಿದರು: "ನೀನೇಕೆ ತಲೆ ಮುಚ್ಚಿಕೊಂಡಿರಲಿಲ್ಲ?" ಚಿತ್ರ ತೆಗೆದವಳನ್ನು ಯಾರೂ ಏನೂ ಕೇಳಲಿಲ್ಲ.

ಸಹೋದರಿಯರೇ, ನಾವು ಪ್ರಶ್ನೆಯನ್ನು ಯಾರಿಗೆ ಕೇಳಬೇಕಿತ್ತು?

ಮೆಟ್ಟಿಲ ಮೇಲೆ ಕುಳಿತ ಹುಡುಗಿ

ದೂರದ ಕೆನಡಾ ದೇಶದಲ್ಲಿ ಇದೇ ಪ್ರಶ್ನೆ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿತ್ತು. ಮಾಂಟ್ರಿಯಲ್ ನಗರದ ಬೀದಿಯಲ್ಲಿ 17 ವರ್ಷದ ಹುಡುಗಿಯೊಬ್ಬಳು ಕಟ್ಟಡವೊಂದರ ಮೆಟ್ಟಿಲ ಮೇಲೆ ಕುಳಿತಿದ್ದಳು. ಅವಳಿಗೆ ತಿಳಿಯದಂತೆ ಛಾಯಾಗ್ರಾಹಕನೊಬ್ಬ ಅವಳ ಚಿತ್ರ ತೆಗೆದ. 1988ರಲ್ಲಿ ಅದು ಕಲಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆ ಸಂಚಿಕೆಯ 722 ಪ್ರತಿಗಳು ಮಾರಾಟವಾದವು. ಚಿತ್ರದಲ್ಲಿ ಅಶ್ಲೀಲವಾದದ್ದು ಏನೂ ಇರಲಿಲ್ಲ. ಆದರೆ ಸಹಪಾಠಿಗಳು ಅವಳನ್ನು ಕಂಡು ನಕ್ಕರು.

ಅವಳು ನ್ಯಾಯಾಲಯಕ್ಕೆ ಹೋದಳು. ಹತ್ತು ವರ್ಷಗಳ ನಂತರ, 1998ರಲ್ಲಿ, ಕೆನಡಾದ ಸರ್ವೋಚ್ಚ ನ್ಯಾಯಾಲಯ ಅವಳ ಪರ ತೀರ್ಪಿತ್ತಿತು. ಕ್ವಿಬೆಕ್ ಪ್ರಾಂತ್ಯದ ಕಾನೂನಿನಂತೆ ತನ್ನ ಚಿತ್ರದ ಮೇಲೆ ವ್ಯಕ್ತಿಗೆ ಹಕ್ಕಿದೆ, ಬೀದಿಯಲ್ಲಿ ಕುಳಿತ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ ಎಂದಿತು. ಪರಿಹಾರ 2,000 ಡಾಲರ್. ಮೊತ್ತ ಸಣ್ಣದು. ಆದರೆ "ನೀನೇಕೆ ಅಲ್ಲಿ ಕುಳಿತೆ?" ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. "ನೀವೇಕೆ ಅನುಮತಿ ಕೇಳಲಿಲ್ಲ?" ಎಂಬುದು ಮುಖ್ಯವಾಯಿತು.

ನಮ್ಮ ನಾಡಿನ ತೀರ್ಪು

ನಮ್ಮ ದೇಶದಲ್ಲಿ ಖಾಸಗಿತನದ ಹಕ್ಕನ್ನು ಗೆದ್ದುಕೊಟ್ಟವರು ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸಾರಿತು. ಆ ಪೀಠದಲ್ಲಿ ದಕ್ಷಿಣ ಕನ್ನಡದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಕೂಡ ಇದ್ದರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಆದರೆ ತೀರ್ಪು ಬಂದ ಮಾತ್ರಕ್ಕೆ ನಡವಳಿಕೆ ಬದಲಾಗುವುದಿಲ್ಲ. 2022ರ ಜನವರಿ 1ರಂದು ಒಂದು ಆ್ಯಪ್‌ನಲ್ಲಿ ಅನೇಕ ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಹರಾಜಿಗಿಟ್ಟಂತೆ ತೋರಿಸಿದರು. ಬಂಧಿತರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಮರು ತಿಂಗಳೇ ಹಿಜಾಬ್ ವಿವಾದದ ನಡುವೆ ಉಡುಪಿಯ ವಿದ್ಯಾರ್ಥಿನಿಯರ ವಿಳಾಸ, ಮೊಬೈಲ್ ಸಂಖ್ಯೆಗಳು ವಾಟ್ಸಾಪ್‌ನಲ್ಲಿ ಹರಿದಾಡಿದವು. ಪೋಷಕರು ಪೊಲೀಸರಿಗೆ ದೂರು ಕೊಡಬೇಕಾಯಿತು. ರಾಜ್ಯದ ಹಲವೆಡೆ ಶಾಲೆಯ ಗೇಟಿನ ಮುಂದೆ ಟಿವಿ ಕ್ಯಾಮೆರಾಗಳು ಹೆಣ್ಣುಮಕ್ಕಳನ್ನೂ ಶಿಕ್ಷಕಿಯರನ್ನೂ ಬೆನ್ನಟ್ಟಿದ್ದನ್ನು ನಾವೆಲ್ಲ ನೋಡಿದ್ದೇವೆ. ಆಗ ನಮ್ಮ ಕರುಳು ಕಿವುಚಿತು. ಆದರೆ ಕುಣಿಗಲ್‌ನ ಪರದೆಯ ಒಳಗೆ ಮೊಬೈಲ್ ಎತ್ತಿದಾಗ ನಮಗೆ ಏನೂ ಅನಿಸಲಿಲ್ಲ.

ಕಾನೂನು ಎಲ್ಲಿಯವರೆಗೆ?

ಹೆಣ್ಣುಮಗಳು ಬಟ್ಟೆ ಬದಲಿಸುವಾಗ, ಸ್ನಾನದ ಹೊತ್ತಿನಲ್ಲಿ ಕದ್ದು ಚಿತ್ರ ತೆಗೆದರೆ ಅಥವಾ ಅದನ್ನು ಹಂಚಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಂತೆ ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಸೆರೆ. ಅವಳು ಬೇಡವೆಂದರೂ ಮತ್ತೆಮತ್ತೆ ಹಿಂಬಾಲಿಸುವುದು, ಅವಳ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು 78ನೇ ಕಲಮಿನಂತೆ ಅಪರಾಧ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ಇಂತಹ ದೂರುಗಳನ್ನು ಹೆಸರು ಹೇಳದೆಯೂ ಕೊಡಬಹುದು. ದೂರು ಕೊಡುವ ಮುನ್ನ ಗಾಬರಿಯಲ್ಲಿ ಎಲ್ಲವನ್ನೂ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಆದರೆ ಮದುವೆ ಮನೆಯ ನಗುವಿನ ಚಿತ್ರಕ್ಕೆ ಈ ಕಲಮುಗಳು ಸುಲಭವಾಗಿ ತಾಗುವುದಿಲ್ಲ. 2023ರಲ್ಲಿ ಬಂದ ವೈಯಕ್ತಿಕ ಡಿಜಿಟಲ್ ಮಾಹಿತಿ ಸಂರಕ್ಷಣಾ ಕಾನೂನು ಕೂಡ ಒಬ್ಬ ವ್ಯಕ್ತಿ ಸ್ವಂತಕ್ಕೆ ಅಥವಾ ಮನೆಯ ಉಪಯೋಗಕ್ಕೆ ಬಳಸುವ ಮಾಹಿತಿಯನ್ನು ಹೊರಗಿಟ್ಟಿದೆ. ಅಂದರೆ ಕಾನೂನು ನಮ್ಮ ಹೊಸ್ತಿಲಲ್ಲೇ ನಿಲ್ಲುತ್ತದೆ. ಒಳಗಿನದ್ದನ್ನು ನಾವೇ ಕಾಯಬೇಕು.

ಅನುಮತಿ ಎಂಬ ಅದಬ್

ಆ ಕಾವಲು ನಮಗೆ ಹೊಸದಲ್ಲ. ಇನ್ನೊಬ್ಬರ ಮನೆಗೆ ಸಲಾಮ್ ಹೇಳಿ ಅನುಮತಿ ಪಡೆಯದೆ ಹೋಗಬಾರದೆಂದು ಸೂರಃ ಅನ್ನೂರ್ ಕಲಿಸುತ್ತದೆ. ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯಲ್ಲಿ, ಇಶಾ ನಂತರ ಮನೆಯ ಮಕ್ಕಳೂ ಕೇಳಿಯೇ ಕೋಣೆಗೆ ಬರಬೇಕು. ಅನುಮತಿಯ ನಿಯಮ ಇರುವುದೇ ಕಣ್ಣಿನ ಕಾರಣಕ್ಕೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಬಾಗಿಲಲ್ಲಿ ನಿಂತು ಕೇಳದೆ ಇಣುಕುವ ಕಣ್ಣಿಗೂ ಕೇಳದೆ ಎತ್ತುವ ಮೊಬೈಲಿಗೂ ಏನು ವ್ಯತ್ಯಾಸ? ಮೊಬೈಲಿನ ಕಣ್ಣು ಕಂಡದ್ದನ್ನು ಮರೆಯುವುದೂ ಇಲ್ಲ.

ವಿಡಿಯೋ ಮಾಡಿದ ಹುಡುಗಿಯ ಜೊತೆ ನಾನು ಮಾತಾಡಿದೆ. "ಎಲ್ಲರೂ ಚೆನ್ನಾಗಿ ಕಾಣುತ್ತಿದ್ದರು ಖಾಲಾ, ಅದಕ್ಕೇ ಹಾಕಿದೆ" ಎಂದು ಅತ್ತಳು. ಅವಳದು ಕೆಟ್ಟ ಮನಸ್ಸಲ್ಲ. ಕೇಳಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದವರಲ್ಲಿ ನಾನೂ ಒಬ್ಬಳು. ಮಾರನೆಯ ದಿನ ಅವಳೇ ಗುಬ್ಬಿಗೆ ಹೋಗಿ ನನ್ನ ತಂಗಿಯ ಮಗಳ ಕೈಹಿಡಿದು ಕ್ಷಮೆ ಕೇಳಿದಳು. ಆದರೆ ನಮ್ಮ ಹಿರಿಯರು ಇನ್ನೂ ಕೇಳಿಲ್ಲ.

ನಮ್ಮ ಮನೆಯಲ್ಲಿ ಮುಂದಿನ ಮದುವೆ ಗುಬ್ಬಿಯಲ್ಲಿದೆ. ಹೆಂಗಸರ ಕಡೆ ಫೋಟೋ ತೆಗೆಯುವ ಮುನ್ನ ಕೇಳಿ, ಸ್ಟೇಟಸ್‌ಗೆ ಹಾಕಬೇಡಿ ಎಂದು ಕರೆಯೋಲೆಯ ಕೊನೆಯಲ್ಲಿ ಎರಡು ಸಾಲು ಅಚ್ಚು ಹಾಕಿಸಲು ತಂಗಿ ನಿರ್ಧರಿಸಿದ್ದಾಳೆ. ನಿಮ್ಮ ಮನೆಯ ಮದುವೆಗೂ ಆ ಎರಡು ಸಾಲು ಸೇರಲಿ.