ಹಿಡಿಯುವ ಮೀನಿಗೂ ಒಂದು ಮಿತಿ ಇರಲಿ: ಹೆಚ್ಚು ಹಿಡಿದದ್ದನ್ನು ಮುಂದಿನ ವರ್ಷ ತೀರಿಸುವುದು ಹೇಗೆ?

"ಏನಣ್ಣ, ಹೋದ್ವರ್ಷ ಮೂಟೆಗಟ್ಲೆ ಬಿತ್ತು, ಈ ವರ್ಷ ಬಲೆ ಒದ್ದೆ ಮಾಡ್ಕೊಂಡು ಬರೋದೇ ಆಯ್ತಲ್ಲ!" ಬೀಚನಹಳ್ಳಿ ಕಡೆ ದಡದಲ್ಲಿ ಹರಿಗೋಲು ಇಳಿಸುವವರ ಬಾಯಲ್ಲಿ ಈ ಮಾತು ಆಗಾಗ ಕೇಳುತ್ತೇನೆ. ಕೇಳಿದಾಗಲೆಲ್ಲ ನಮ್ಮ ಕೆರೆಯ ಕಥೆ ನೆನಪಾಗುತ್ತದೆ. ಆ ತಪ್ಪು ನಾವೇ ಮಾಡಿದ್ದು, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಹತ್ತಿ, ರಾಗಿ ಬೆಳೆಯುವ ಎರಡೆಕರೆ ಜಮೀನಿದೆ. ಅದರ ಜೊತೆಗೆ ಹತ್ತು ಜನ ಸೇರಿ ಊರ ಕೆರೆಯನ್ನು ಗುತ್ತಿಗೆಗೆ ಹಿಡಿದಿದ್ದೆವು. ಆ ವರ್ಷ 3,000 ಕೆ.ಜಿ. ಹಿಡಿದು ನಿಲ್ಲಿಸೋಣ ಎಂದು ಮಾತಾಗಿತ್ತು. ಏಪ್ರಿಲ್‌ನಲ್ಲಿ ನೀರು ಇಳಿದು, ಮೀನು ಗುಂಡಿಗೆ ಸೇರಿತು. ವ್ಯಾಪಾರಿ ಐಸ್ ಪೆಟ್ಟಿಗೆ ತಂದು ಏರಿ ಮೇಲೆ ಕೂತ. "ಇನ್ನೊಂದು ಎಳೆ, ಇನ್ನೊಂದು ಎಳೆ" ಅಂತ ಅಂದುಕೊಂಡೇ 3,400 ಕೆ.ಜಿ. ಎತ್ತಿಬಿಟ್ಟೆವು. ಹೆಚ್ಚು ಹಿಡಿದ 400 ಕೆ.ಜಿ. ಬಹುತೇಕ ಅರ್ಧ ಕೆ.ಜಿ. ತೂಗುವ ಎಳೆಯ ಮೀನು. ಮುಂದಿನ ವರ್ಷ ದಸರಾ ಹೊತ್ತಿಗೆ ಬರಬೇಕಿದ್ದ ಮೊದಲ ಹಿಡುವಳಿಯೇ ಇಲ್ಲ. ಗುತ್ತಿಗೆ ಕಂತು ಕಟ್ಟಲು ಮನೆಯ ಒಡವೆ ಅಡವಿಡಬೇಕಾಯಿತು.

400 ಕೆ.ಜಿ. ಅಂದರೆ ಬರೀ 400 ಕೆ.ಜಿ. ಅಲ್ಲ

ಲೆಕ್ಕ ಹಾಕಿ ನೋಡಿ. ಅರ್ಧ ಕೆ.ಜಿ.ಯಂತೆ 400 ಕೆ.ಜಿ. ಅಂದರೆ 800 ಮೀನು. ಅವನ್ನು ಬಿಟ್ಟಿದ್ದರೆ ಕೆಲವು ಸಾಯುತ್ತಿದ್ದವು, ಕೆಲವನ್ನು ಹಕ್ಕಿ, ನೀರುನಾಯಿ ತಿನ್ನುತ್ತಿದ್ದವು. 500 ಉಳಿದು ಒಂದೂವರೆ ಕೆ.ಜಿ. ತೂಗಿದ್ದರೂ 750 ಕೆ.ಜಿ. ಆಗುತ್ತಿತ್ತು. ದೊಡ್ಡ ಮೀನಿಗೆ ಕೆ.ಜಿ.ಗೆ ಸಿಗುವ ಬೆಲೆಯೂ ಹೆಚ್ಚು. ಹಾಗಾಗಿ ಎಳೆಯ ಮೀನನ್ನು ಮಿತಿ ಮೀರಿ ಹಿಡಿದರೆ ಸಾಲ ಬಡ್ಡಿ ಸಮೇತ ಬೆಳೆಯುತ್ತದೆ.

ಒಂದು ಮಾತು ನೆನಪಿಡಿ. ಬೇಸಿಗೆಯಲ್ಲಿ ಪೂರ್ತಿ ಒಣಗುವ ಕೆರೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಬಿಟ್ಟ ಮೀನು ಕೆಸರಲ್ಲೇ ಸಾಯುತ್ತದೆ, ಎಲ್ಲವನ್ನೂ ಹಿಡಿಯುವುದೇ ಸರಿ. ವರ್ಷಪೂರ್ತಿ ನೀರು ನಿಲ್ಲುವ ಕೆರೆ ಮತ್ತು ಕಬಿನಿಯಂಥ ಜಲಾಶಯಕ್ಕೆ ಮಿತಿ ಬೇಕೇ ಬೇಕು.

ಬೇಸಿಗೆಯ ಬಲೆ ಸುಳ್ಳು ಹೇಳುತ್ತದೆ

1974ರಲ್ಲಿ ಮುಗಿದ ಬೀಚನಹಳ್ಳಿಯ ಕಬಿನಿ ಅಣೆಕಟ್ಟಿನ ಪೂರ್ಣ ಮಟ್ಟ 2,284 ಅಡಿ. ಬೇಸಿಗೆಯಲ್ಲಿ ಹಿನ್ನೀರು ಸರಿದು ಮೈಲಿಗಟ್ಟಲೆ ಹುಲ್ಲುಗಾವಲು ಕಾಣುತ್ತದೆ. ಇದ್ದಷ್ಟೇ ಮೀನು ಕಮ್ಮಿ ನೀರಿಗೆ ಒತ್ತರಿಸಿಕೊಳ್ಳುತ್ತದೆ. ಬಲೆಗೆ ಜಾಸ್ತಿ ಬೀಳುತ್ತದೆ. ಆದರೆ ಮೀನಿನ ಸಂಖ್ಯೆಯೇನೂ ಹೆಚ್ಚಾಗಿರುವುದಿಲ್ಲ. ನಾವು ಮೋಸ ಹೋದದ್ದು ಇಲ್ಲೇ.

ಆದ್ದರಿಂದ ಈ ಏಪ್ರಿಲ್‌ನ ಹಿಡುವಳಿಯನ್ನು ಡಿಸೆಂಬರ್ ಜೊತೆ ಹೋಲಿಸಬೇಡಿ, ಹೋದ ವರ್ಷದ ಏಪ್ರಿಲ್ ಜೊತೆ ಹೋಲಿಸಿ. ನೀರಿನ ಮಟ್ಟ ಹೆಚ್ಚೂಕಮ್ಮಿ ಅಷ್ಟೇ ಇದ್ದು, ಅದೇ ಬಲೆಗೆ ಒಂದು ರಾತ್ರಿಗೆ ಬೀಳುವ ಮೀನು ಕಮ್ಮಿಯಾಗಿದ್ದರೆ, ಅದೇ ಎಚ್ಚರಿಕೆಯ ಗಂಟೆ.

ಎಲ್ಲ ಮೀನಿಗೂ ಒಂದೇ ಮಿತಿ ಸಲ್ಲದು

ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಮುಂಗಾರಿನ ಹರಿಯುವ ನೀರು ಬೇಕು. ವಯನಾಡಿನಲ್ಲಿ ಮಳೆ ಹಿಡಿದು ಕಬಿನಿಗೆ ಹೊಸ ನೀರು ಬಂದಾಗ ತಾಯಿಮೀನು ಹರಿವಿಗೆ ಎದುರಾಗಿ ಹತ್ತುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ನದಿ ಬಾಯಿಗೆ ಬಲೆ ಕಟ್ಟಿದರೆ, ಮೀನಿನ ಜೊತೆ ಲಕ್ಷಗಟ್ಟಲೆ ಮೊಟ್ಟೆಯನ್ನೂ ಹಿಡಿದ ಹಾಗೆ.

ಜಿಲೇಬಿ ಮೀನು ಹಾಗಲ್ಲ. ಮರಿಗಳನ್ನು ಬಾಯಲ್ಲೇ ಸಾಕಿಕೊಂಡು ವರ್ಷಕ್ಕೆ ಹಲವು ಸಲ ಹೆಚ್ಚುತ್ತದೆ. ಕೆರೆ ತುಂಬಿಕೊಂಡು ಕಾಟ್ಲಾದ ಮೇವಿಗೂ ಪೈಪೋಟಿ ಕೊಡುತ್ತದೆ. ಅದನ್ನು ಧಾರಾಳವಾಗಿ ಹಿಡಿಯಿರಿ.

ಗಾಳದವರ ಲೆಕ್ಕ ಯಾರು ಬರೆಯುತ್ತಾರೆ?

ಬಲೆಯವರು ಹಿಡಿದ ಮೀನು ತಕ್ಕಡಿ ಮೇಲೆ ಕಾಣುತ್ತದೆ. ಭಾನುವಾರ ಗಾಳ ಹಿಡಿದು ಬರುವವರದ್ದು ಕಾಣುವುದಿಲ್ಲ. ಒಬ್ಬೊಬ್ಬರು ಎರಡೇ ಮೀನು ಒಯ್ದರೂ ಐವತ್ತು ಜನ ಸೇರಿದರೆ ಒಂದು ಬಲೆಯಷ್ಟಾಗುತ್ತದೆ.

ಅಮೆರಿಕದಲ್ಲಿ ಇದೇ ಜಗಳ ದೊಡ್ಡದಾಗಿ ನಡೆದಿದೆ. 2006ರಲ್ಲಿ ತಿದ್ದಿದ ಅಲ್ಲಿನ ಮೀನುಗಾರಿಕೆ ಕಾಯ್ದೆ ವರ್ಷಕ್ಕೆ ಇಷ್ಟೇ ಹಿಡಿಯಬೇಕೆಂಬ ಮಿತಿಯನ್ನು ಕಡ್ಡಾಯ ಮಾಡಿತು. ಮೀರಿದರೆ ಸರಿಪಡಿಸುವ ಕ್ರಮವೂ ಇರಬೇಕು, ಹೆಚ್ಚಾದದ್ದನ್ನು ಮುಂದಿನ ವರ್ಷದ ಪಾಲಿನಿಂದ ಕಳೆಯುವುದು ಅವುಗಳಲ್ಲಿ ಒಂದು. ಮೆಕ್ಸಿಕೊ ಕೊಲ್ಲಿಯ ಕೆಂಪು ಸ್ನ್ಯಾಪರ್ ಮೀನಿಗೆ ಗಾಳದ ಹವ್ಯಾಸಿಗಳು ಮತ್ತೆ ಮತ್ತೆ ಮಿತಿ ಮೀರಿದರು. 2017ರಲ್ಲಿ ಸ್ವಂತ ದೋಣಿಯವರಿಗೆ ಅಲ್ಲಿನ ಕೇಂದ್ರ ಸರ್ಕಾರದ ವ್ಯಾಪ್ತಿಯ ನೀರಿನಲ್ಲಿ ಮೊದಲು ಘೋಷಿಸಿದ್ದು ಬರೀ ಮೂರು ದಿನ! ಗಲಾಟೆಯಾದ ಮೇಲೆ ಇನ್ನೂ 39 ದಿನ ಸೇರಿಸಿದರು.

ನಮ್ಮ ಕಬಿನಿಗೂ ಗಾಳದ ದೊಡ್ಡ ಚರಿತ್ರೆ ಇದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಇದೇ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕೆ.ಜಿ. ತೂಕದ ಮಹಶೀರ್ ಹಿಡಿದಿದ್ದರು. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಆ ದೊಡ್ಡ ಮಹಶೀರ್ ಇವತ್ತು ಅಳಿವಿನ ಅಂಚಿಗೆ ಬಂದಿದೆ. ಗಾಳಕ್ಕೆ ಸಿಕ್ಕರೆ ಒದ್ದೆ ಕೈಯಲ್ಲಿ ಹಿಡಿದು, ಕಿವಿರಿಗೆ ಬೆರಳು ಹಾಕದೆ, ನೀರಲ್ಲೇ ಕೊಕ್ಕೆ ಬಿಡಿಸಿ ಕಳಿಸಿ.

ನಾವು ಈಗ ಮಾಡುತ್ತಿರುವುದು

1. ಮಿತಿ ಮೊದಲೇ ಬರೆಯಿರಿ. ಹಿಂದಿನ ಮೂರು ವರ್ಷದ ಹಿಡುವಳಿ, ಬಿಟ್ಟ ಮರಿಗಳ ಸಂಖ್ಯೆ, ನೀರಿನ ಮಟ್ಟ ನೋಡಿ ಒಂದು ಅಂಕಿ ನಿಗದಿ ಮಾಡಿ. ಎಲ್ಲ ಸದಸ್ಯರೂ ಸಹಿ ಹಾಕಲಿ.

2. ಪುಸ್ತಕ ಇಡಿ. ದಿನಾಂಕ, ಬಲೆ ಎಷ್ಟು, ಯಾವ ಜಾತಿ, ಎಷ್ಟು ಮೀನು, ಎಷ್ಟು ತೂಕ. ಮನೆಗೆ ಒಯ್ದ ಸಾರಿನ ಮೀನನ್ನೂ ಬರೆಯಿರಿ.

3. ಮುಕ್ಕಾಲು ಭಾಗ ಮುಟ್ಟಿದಾಗ ನಿಂತು ನೋಡಿ. 3,000 ಕೆ.ಜಿ. ಮಿತಿಯಾದರೆ 2,250ಕ್ಕೆ ಸಭೆ ಸೇರಿ. ಅಲ್ಲಿಂದ ವಾರಕ್ಕೆ ಎರಡೇ ದಿನ ಬಲೆ. ವ್ಯಾಪಾರಿ ಏರಿ ಮೇಲೆ ಬಂದು ಕೂತ ಮೇಲೆ ತೀರ್ಮಾನ ಮಾಡಲು ಹೋಗಬೇಡಿ.

4. ಬಲೆಯ ಕಣ್ಣು ಅಳೆಯಿರಿ. ಕಣ್ಣನ್ನು ಎಳೆದು ಹಿಡಿದು ಗಂಟಿನಿಂದ ಗಂಟಿಗೆ ಅಳತೆ ಮಾಡಿ. ಕಣ್ಣು ದೊಡ್ಡದಾದಷ್ಟೂ ಎಳೆಯದು ನುಸುಳಿ ಹೋಗುತ್ತದೆ. ನಿಮ್ಮ ಲೈಸೆನ್ಸ್ ಅಥವಾ ಗುತ್ತಿಗೆ ಕರಾರಿನಲ್ಲಿ ಹೇಳಿದ ಅಳತೆಗಿಂತ ಸಣ್ಣದು ಬೇಡ.

5. ಮೀರಿದರೆ ತೀರಿಸಿ. 200 ಕೆ.ಜಿ. ಹೆಚ್ಚಾದರೆ ಮುಂದಿನ ವರ್ಷದ ಮಿತಿಯಲ್ಲಿ ಕನಿಷ್ಠ 200 ಕಳೆಯಿರಿ. ಹೆಚ್ಚಾದದ್ದು ಎಳೆಯ ಮೀನಾದರೆ ಅದರ ಒಂದೂವರೆ ಪಟ್ಟು ಕಳೆಯುವುದು ನಮ್ಮ ಗುಂಪಿನ ಕಟ್ಟಳೆ. ಜೊತೆಗೆ ಆ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, 10 ಸೆಂ.ಮೀ. ದಾಟಿದ ಬಲಿತ ಮರಿ ಬಿಡಿ. ಸಣ್ಣ ಮರಿ ಬಿಟ್ಟರೆ ಹೆಚ್ಚಿನದು ಬೇರೆ ಮೀನಿನ ಬಾಯಿಗೆ ಹೋಗುತ್ತದೆ.

6. ಸಿಡಿಮದ್ದು, ವಿಷ ಬೇಡವೇ ಬೇಡ. 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಇದು ಅಪರಾಧ. ಮರಿ, ತಾಯಿ ಎಲ್ಲ ಒಟ್ಟಿಗೆ ಸಾಯುವಲ್ಲಿ ಯಾವ ಮಿತಿಯೂ ಉಳಿಯದು.

ಕಬಿನಿ ಹಿನ್ನೀರಿನಲ್ಲಿ ಮೀನು ಹಿಡಿಯುವವರು ಲೈಸೆನ್ಸ್ ಇಲ್ಲದೆ ಇಳಿಯಬೇಡಿ. ನಾಗರಹೊಳೆ, ಬಂಡೀಪುರ ಕಾಡಿನ ಗಡಿ ಎಲ್ಲಿದೆ ಎಂದು ತಿಳಿದುಕೊಳ್ಳಿ. ಬೇಸಿಗೆಯಲ್ಲಿ ಹುಲ್ಲಿಗೆ ಆನೆ ಹಿಂಡು ದಡಕ್ಕೇ ಬರುತ್ತದೆ, ಹೊತ್ತು ಮುಳುಗಿದ ಮೇಲೆ ದಡದಲ್ಲಿ ಉಳಿಯುವುದು ಅಪಾಯ. ಮರಿ ಮತ್ತು ಬಲೆಯ ಅಳತೆ ಬಗ್ಗೆ ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಿ.

ನಮಗೆ ಸುಧಾರಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಕಳೆದ ಸಲ 2,900ಕ್ಕೆ ಬಲೆ ಎತ್ತಿದಾಗ ಗುಂಡಿಯಲ್ಲಿ ಇನ್ನೂ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ವ್ಯಾಪಾರಿ ಬೇಜಾರು ಮಾಡಿಕೊಂಡು ಹೋದ. ಹೋಗಲಿ, ಬಿಟ್ಟ ಮೀನು ನಮ್ಮ ಕೆರೆಯಲ್ಲೇ ತಾನೇ ಇರುವುದು?