ಮದುವೆ ಕ್ಯಾಸೆಟ್ಟು ಕಂಪ್ಯೂಟರಿಗೆ ಹತ್ತಿದ ಬಗೆ

ನಿಮ್ಮ ಮನೆ ಬೀರುವಿನಲ್ಲೂ ಇಟ್ಟಿಗೆಯಂಥ ಒಂದು ಕಪ್ಪು ವಿಡಿಯೋ ಕ್ಯಾಸೆಟ್ಟು ಇದ್ದೀತು. ಅದರೊಳಗಿನ ಚಿತ್ರವನ್ನು ಕಂಪ್ಯೂಟರಿಗೆ ತುಂಬಿಸೋದು ಹೇಗೆ, ತುಂಬಿಸುವಾಗ ಏನೇನು ತೊಂದರೆ ಬರುತ್ತೆ ಅಂತ ಈ ಸಲ ಬರೆದಿದ್ದೇನೆ. ಇದೆಲ್ಲ ನಮ್ಮ ಚಿಕ್ಕಪ್ಪನ ಜೊತೆ ಕೂತು ನಾನು ಕಂಡದ್ದು. ಚಿಕ್ಕಪ್ಪ ಮದುವೆ ವಿಡಿಯೋ ಎಡಿಟಿಂಗ್ ಕೆಲಸ ಮಾಡ್ತಾರೆ.

ನಮ್ಮ ಅತ್ತೆಯ ಮದುವೆ ಆದದ್ದು 1994ರಲ್ಲಿ. ಆ ಕ್ಯಾಸೆಟ್ಟಿನಲ್ಲಿ ಬೇರೆಲ್ಲೂ ಸಿಗದ ಎರಡು ವಿಷಯ ಇವೆ. ಒಂದು, ನಮ್ಮ ಮುತ್ತಜ್ಜಿ ಹಾಡಿದ ಸೋಬಾನೆ ಪದ. ಮುತ್ತಜ್ಜಿ ನಾನು ಹುಟ್ಟೋಕೆ ಮುಂಚೆನೇ ತೀರಿಕೊಂಡ್ರು. ಅಜ್ಜಿಗೆ ಆ ಪದ ಅರ್ಧ ನೆನಪಿದೆ, ಇನ್ನರ್ಧ ಮರೆತುಹೋಗಿದೆ. ಎರಡನೆಯದು, ಸಕಲೇಶಪುರ ಸ್ಟೇಷನ್ನಿನಲ್ಲಿ ದಿಬ್ಬಣ ರೈಲು ಹತ್ತಿದ್ದು. ಬೀಗರ ಊರು ಘಟ್ಟದ ಕೆಳಗೆ. ಅದು ಮೀಟರ್ ಗೇಜ್ ಗಾಡಿ. ಹಳಿ ಅಗಲ ಮಾಡೋಕೆ 1996ರಲ್ಲಿ ಅದು ನಿಂತುಹೋಯ್ತು. ಜನ ಮತ್ತೆ ರೈಲಲ್ಲಿ ಘಟ್ಟ ಇಳಿದದ್ದು 2007ರಲ್ಲಿ, ಬ್ರಾಡ್ ಗೇಜ್ ಮೇಲೆ.

ಚಿತ್ರ ಬರುವ ದಾರಿ ಹೀಗಿದೆ. ಕ್ಯಾಸೆಟ್ಟು, ಅದನ್ನು ಓಡಿಸುವ ವಿಸಿಆರ್, ಅಲ್ಲಿಂದ ಹೊರಡುವ ವೈರು, ಆಮೇಲೆ ಬೆಂಕಿಪೊಟ್ಟಣದಷ್ಟಿರುವ ಕ್ಯಾಪ್ಚರ್ ಡಬ್ಬಿ, ಕೊನೆಗೆ ಕಂಪ್ಯೂಟರು. ವೈರಿನಲ್ಲಿ ಹಳದಿ ಪಿನ್ನು ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಶಬ್ದಕ್ಕೆ. ಕ್ಯಾಸೆಟ್ಟಿನಿಂದ ಬರೋದು ಏರಿಳಿಯುವ ವಿದ್ಯುತ್ತು. ಕಂಪ್ಯೂಟರಿಗೆ ಅರ್ಥವಾಗೋದು ಅಂಕಿ. ನಡುವೆ ಕೂತು ಬದಲಾಯಿಸೋದು ಆ ಡಬ್ಬಿ.

ತೋಟದಲ್ಲಿ ಸ್ಪ್ರಿಂಕ್ಲರ್ ಜೆಟ್ಟು ತಿರುಗದಿದ್ರೆ ನಮ್ಮಪ್ಪ ಎಲ್ಲವನ್ನೂ ಒಟ್ಟಿಗೆ ಬಿಚ್ಚೋದಿಲ್ಲ. ಮೋಟರಿನ ಕಡೆಯಿಂದ ಒಂದೊಂದೇ ಜಾಯಿಂಟ್ ನೋಡ್ತಾ ಬರ್ತಾರೆ. ಇಲ್ಲೂ ಹಾಗೇ ಮಾಡಬೇಕು. ಮೊದಲು ವಿಸಿಆರ್ ವೈರನ್ನು ನೇರ ಟಿವಿಗೆ ಹಾಕಿ. ಟಿವಿಯಲ್ಲೂ ಕೆಟ್ಟಿದ್ರೆ ತಪ್ಪು ಕ್ಯಾಸೆಟ್ಟಿನದೋ, ವಿಸಿಆರಿನದೋ, ವೈರಿನದೋ. ಟಿವಿಯಲ್ಲಿ ಸರಿಯಾಗಿ ಬಂದ್ರೆ ಆ ಮೂರೂ ಪಾಸು, ಡಬ್ಬಿ ಮತ್ತು ಕಂಪ್ಯೂಟರನ್ನು ಮಾತ್ರ ಹುಡುಕಿದ್ರೆ ಸಾಕು. ಇದು ಗೊತ್ತಿಲ್ಲದೆ ನಾನು ಮೊದಲ ದಿನ ಸುಮ್ಮನೆ ಎಲ್ಲ ಪಿನ್ನನ್ನೂ ಕಿತ್ತು ಹಾಕಿ ಬೈಸಿಕೊಂಡೆ.

ನಮ್ಮ ಕ್ಯಾಸೆಟ್ಟಿಗೆ ಹಿಡಿದಿದ್ದ ದೊಡ್ಡ ರೋಗ ಬೂಷ್ಟು. ನಮ್ಮ ಮಳೆಗಾಲ ನಿಮಗೆ ಗೊತ್ತೇ ಇದೆ, ಚಪ್ಪಲಿಗೂ ಬೂಷ್ಟು ಬರುತ್ತೆ. ಕ್ಯಾಸೆಟ್ಟಿನ ಕಿಟಕಿಯಿಂದ ನೋಡಿದ್ರೆ ಟೇಪಿನ ಸುರುಳಿ ಮೇಲೆ ಅಕ್ಕಿಹಿಟ್ಟು ಚೆಲ್ಲಿದ ಹಾಗಿತ್ತು. ಅಂಥದ್ದನ್ನ ಹಾಗೇ ವಿಸಿಆರಿಗೆ ಹಾಕಲೇಬಾರದು. ಬೂಷ್ಟು ಅದರ ಹೆಡ್ಡಿಗೆ ಮೆತ್ತಿಕೊಂಡು, ಆಮೇಲೆ ಹಾಕುವ ಒಳ್ಳೇ ಕ್ಯಾಸೆಟ್ಟಿಗೂ ಅಂಟುತ್ತೆ, ಟೇಪು ಹರಿದರೂ ಹರಿಯಬಹುದು. ಒಲೆ ಮೇಲಿನ ಅಟ್ಟದಲ್ಲಿಟ್ಟು ಒಣಗಿಸು ಅಂತ ಅಜ್ಜಿ ಹೇಳಿದ್ರು. ಚಿಕ್ಕಪ್ಪ, "ಬೇಡಮ್ಮ, ಹಲಸಿನ ಹಪ್ಪಳ ಅಲ್ಲ ಇದು, ಶಾಖಕ್ಕೆ ಸೊಟ್ಟಗಾಗುತ್ತೆ" ಅಂದ್ರು. ಹೊಸ ಬ್ಯಾಗು, ಶೂ ಡಬ್ಬಿಯಲ್ಲಿ ಬರ್ತಾವಲ್ಲ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳು, ಅವನ್ನು ಹಾಕಿ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಇಟ್ವಿ. ಆಮೇಲೆ ಜಗಲಿಯಲ್ಲಿ ಕೂತು, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು, ತಳದ ಐದು ಸ್ಕ್ರೂ ಬಿಚ್ಚಿ, ಮೆತ್ತನೆಯ ಒಣಬಟ್ಟೆಯಲ್ಲಿ ಟೇಪನ್ನು ನಿಧಾನವಾಗಿ ಒರೆಸಿದ್ವಿ. ಒಂದು ಇಡೀ ಭಾನುವಾರ ಹೋಯ್ತು. ಒಂದು ಕಡೆ ಟೇಪು ಮಡಚಿಕೊಂಡಿತ್ತು, ಅದಕ್ಕೆ ಏನೂ ಮಾಡೋಕಾಗಲಿಲ್ಲ.

ಟಿವಿಯಲ್ಲಿ ಚಿತ್ರ ಚೆನ್ನಾಗೇ ಬಂತು. ಆದರೆ ಕಂಪ್ಯೂಟರಿಗೆ ಹಾಕಿದ್ರೆ ಬಣ್ಣ ಇಲ್ಲ, ಚಿತ್ರ ಮೇಲಿಂದ ಕೆಳಕ್ಕೆ ಉರುಳ್ತಾ ಇದೆ! ಕಾರಣ ಸಣ್ಣದು. ನಮ್ಮ ದೇಶದ ಹಳೇ ಟಿವಿ ಪದ್ಧತಿ ಪಾಲ್, ಅಂದ್ರೆ ಸೆಕೆಂಡಿಗೆ 25 ಚಿತ್ರ, ಒಂದೊಂದಕ್ಕೆ 625 ಗೆರೆ. ಅಮೆರಿಕದ ಹಳೇ ಪದ್ಧತಿ ಎನ್‌ಟಿಎಸ್‌ಸಿ, ಸೆಕೆಂಡಿಗೆ ಸುಮಾರು 30 ಚಿತ್ರ, 525 ಗೆರೆ. ಸಾಫ್ಟ್‌ವೇರು ಅಮೆರಿಕದ ಲೆಕ್ಕದಲ್ಲಿ ಕಾಯ್ತಾ ಕೂತಿತ್ತು. ಸೆಟ್ಟಿಂಗಿನಲ್ಲಿ ಪಾಲ್ ಅಂತ ಬದಲಾಯಿಸಿದ ಕೂಡಲೇ ಅತ್ತೆಯ ಸೀರೆಗೆ ಬಣ್ಣ ಬಂತು.

ಇನ್ನೊಂದು ತಮಾಷೆ ನೋಡಿ. ಎಷ್ಟು ಸಲ ಶುರು ಮಾಡಿದ್ರೂ ಹತ್ತೊಂಬತ್ತು ಇಪ್ಪತ್ತು ನಿಮಿಷಕ್ಕೆ ಕ್ಯಾಪ್ಚರ್ ನಿಂತೇ ಹೋಗ್ತಿತ್ತು. ಡಬ್ಬಿ ಬಿಸಿಯಾಗಿದೆ ಅಂದುಕೊಂಡು ನಾನು ರಟ್ಟು ಹಿಡಿದು ಗಾಳಿ ಬೀಸಿದೆ. ಕಾರಣ ಬೇರೆಯೇ. ಚಿಕ್ಕಪ್ಪ ತುಂಬಿಸ್ತಿದ್ದ ಡಿವಿ ಎಂಬ ಬಗೆಯಲ್ಲಿ ಒಂದು ಗಂಟೆ ವಿಡಿಯೋಗೆ ಸುಮಾರು 13 ಜಿಬಿ ಜಾಗ ಬೇಕು. ಬರೀತಿದ್ದ ಡಿಸ್ಕು ಫ್ಯಾಟ್32 ಪದ್ಧತಿಯದ್ದು. ಅದರಲ್ಲಿ ಒಂದು ಫೈಲು 4 ಜಿಬಿ ಮೀರೋ ಹಾಗಿಲ್ಲ. 13 ಜಿಬಿಗೆ 60 ನಿಮಿಷ ಆದ್ರೆ 4 ಜಿಬಿಗೆ ಎಷ್ಟು? ತ್ರೈರಾಶಿ ಮಾಡಿ ನೋಡಿ, ಹೆಚ್ಚುಕಡಿಮೆ ಅದೇ ಬರುತ್ತೆ. ಡಿಸ್ಕಿನಲ್ಲಿದ್ದದ್ದನ್ನು ಬೇರೆ ಕಡೆ ಇಟ್ಟು ಎನ್‌ಟಿಎಫ್‌ಎಸ್ ಪದ್ಧತಿಗೆ ಫಾರ್ಮ್ಯಾಟ್ ಮಾಡಿದ ಮೇಲೆ ಸರಿಹೋಯ್ತು. ಬೇರೆ ಕಡೆ ಇಡೋದು ಮರೆತ್ರೆ ಇದ್ದದ್ದೆಲ್ಲ ಅಳಿಸಿಹೋಗುತ್ತೆ, ಜೋಕೆ.

ಚಿತ್ರ ಬಂತು, ಪದ ಕೇಳಿಸ್ತಿಲ್ಲ. ಅಜ್ಜಿ ಕುರ್ಚಿ ಹತ್ತಿರ ಎಳೆದುಕೊಂಡು ಕೂತಿದ್ರು. ಮುತ್ತಜ್ಜಿ ಬಾಯಿ ಆಡ್ತಾ ಇದೆ, ಸದ್ದೇ ಇಲ್ಲ. ಅಜ್ಜಿ ಏನೂ ಮಾತಾಡದೆ ಎದ್ದು ಒಳಗೆ ಹೋದ್ರು. ವಿಷಯ ಏನಂದ್ರೆ, ಈ ಡಬ್ಬಿಯಿಂದ ಬರುವ ಶಬ್ದವನ್ನ ವಿಂಡೋಸ್ ಮೈಕಿನ ಶಬ್ದ ಅಂತಲೇ ತಿಳಿದುಕೊಳ್ಳುತ್ತೆ. ವಿಂಡೋಸ್ 10, 11ರಲ್ಲಿ ಮೈಕಿಗೆ ಅನುಮತಿ ಕೊಡದಿದ್ರೆ ಕ್ಯಾಸೆಟ್ಟಿನ ಶಬ್ದವೂ ಬಂದ್. ಪ್ರೈವೆಸಿ ಸೆಟ್ಟಿಂಗಿಗೆ ಹೋಗಿ ಮೈಕ್ರೋಫೋನ್ ಆನ್ ಮಾಡಿದ್ವಿ.

ಶಬ್ದ ಬಂತು, ಆದರೆ ಹೊತ್ತು ಹೋದ ಹಾಗೆ ತುಟಿ ಒಂದು ಕಡೆ, ಪದ ಒಂದು ಕಡೆ. ಇದಕ್ಕೆ ಫ್ರೇಮ್ ಡ್ರಾಪ್ ಅಂತಾರೆ. ಸೆಕೆಂಡಿಗೆ 25 ಚಿತ್ರ ಎಣಿಸಿಕೊಳ್ಳುವಾಗ ಕಂಪ್ಯೂಟರು ಒಂದೆರಡು ಬಿಟ್ಟರೆ, ಶಬ್ದ ತನ್ನ ಪಾಡಿಗೆ ಓಡುತ್ತೆ, ಚಿತ್ರ ಅದಕ್ಕೆ ಹೊಂದೋದಿಲ್ಲ. ಡಬ್ಬಿಯನ್ನ ಯುಎಸ್‌ಬಿ ಹಬ್ಬಿನಿಂದ ಕಿತ್ತು ಕಂಪ್ಯೂಟರಿನ ಹಿಂಬದಿಗೆ ನೇರ ಹಾಕಿದ್ವಿ, ಬೇರೆ ಕೆಲಸವೆಲ್ಲ ಮುಚ್ಚಿ, ಕಂಪ್ಯೂಟರು ನಿದ್ದೆಗೆ ಹೋಗದ ಹಾಗೆ ಮಾಡಿದ್ವಿ. ಅರ್ಧ ಸರಿಹೋಯ್ತು. ಇನ್ನರ್ಧ ತಪ್ಪು ಹಳೇ ಟೇಪಿನದೇ, ಅದರ ಓಟ ಒಂದೇ ಸಮ ಇರೋದಿಲ್ಲ. ಟಿವಿ ಅದನ್ನ ಸಹಿಸಿಕೊಳ್ಳುತ್ತೆ, ಡಬ್ಬಿ ಸಹಿಸೋದಿಲ್ಲ. ಚಿಕ್ಕಪ್ಪ ಪರಿಚಯದವರಿಂದ ಹಳೇ ಡಿವಿಡಿ ರೆಕಾರ್ಡರ್ ತಂದು ವಿಸಿಆರಿಗೂ ಡಬ್ಬಿಗೂ ನಡುವೆ ಸೇರಿಸಿದ್ರು. ಅಂಥ ಕೆಲವು ಮಿಷನ್ನುಗಳು ಅಲ್ಲಾಡುವ ಚಿತ್ರವನ್ನು ಹಿಡಿದು ಸಮವಾಗಿ ಮುಂದಕ್ಕೆ ಬಿಡ್ತಾವೆ. ನಮ್ಮ ಅದೃಷ್ಟಕ್ಕೆ ಅದು ಅಂಥದ್ದೇ ಆಗಿತ್ತು. ಕರೆಂಟು ಎರಡು ಸಲ ಹೋಯ್ತು, ಯುಪಿಎಸ್ ಇದ್ದದ್ದಕ್ಕೆ ಬಚಾವ್.

ಚಿತ್ರದ ತೀರಾ ಕೆಳಗೆ ಒಂದು ಗೆರೆ ನಡುಗ್ತಾ ಇರುತ್ತೆ. ಅದು ರೋಗ ಅಲ್ಲ, ಎಲ್ಲ ಕ್ಯಾಸೆಟ್ಟಿನಲ್ಲೂ ಇದೆ. ಹಳೇ ಟಿವಿಗಳ ಅಂಚಿನಲ್ಲಿ ಮುಚ್ಚಿಹೋಗ್ತಿತ್ತು ಅಷ್ಟೆ.

ಮುತ್ತಜ್ಜಿಯ ಪದ ಈಗ ಪೂರ್ತಿ ಇದೆ, ಟೇಪು ಮಡಚಿದ ಜಾಗದ ಮೂರು ಸೆಕೆಂಡು ಬಿಟ್ಟು. ಆ ಮೂರು ಸೆಕೆಂಡಿನ ಮಾತು ಯಾವುದು ಅಂತ ಅಜ್ಜಿಗೂ ಅವರ ತಂಗಿಗೂ ಇನ್ನೂ ಜಗಳ ನಡೀತಿದೆ. ನಾನು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ವಿಸಿಆರ್ ಮಾಡ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಅದನ್ನ ನಿಲ್ಲಿಸಿತು. ಚಿಕ್ಕಪ್ಪನ ವಿಸಿಆರಿನ ಹೆಡ್ಡು ಸವೆದ್ರೆ ಹೊಸದು ಸಿಗೋದು ಕಷ್ಟ. ಮನೆಯಲ್ಲಿ ಕ್ಯಾಸೆಟ್ಟು ಇದ್ದವರು, ಓಡಿಸಿ ನೋಡೋಕೆ ಹೋಗದೆ, ಮೊದಲು ಕಿಟಕಿಯಲ್ಲಿ ಬಿಳಿ ಪುಡಿ ಇದೆಯಾ ನೋಡಿ ನನಗೆ ಹೇಳಿ. ಚಿಕ್ಕಪ್ಪನಿಗೆ ಭಾನುವಾರ ಮಾತ್ರ ಬಿಡುವು.